ಪೆಡಲ್ ಯಾರ ಕಾಲಡಿ

ಹಲ್ಲಿನ ಡಾಕ್ಟರಮ್ಮ ಕೊರೆಯುವ ಯಂತ್ರವನ್ನು ಒಂದು ಸಲ ಗುಂಯ್ ಅನ್ನಿಸಿದ್ದರು, ಅಷ್ಟೆ. ಸೇನೆಯಿಂದ ಮರಳಿದ್ದ ತಮ್ಮ ಒಮ್ಮೆಲೇ ಕುರ್ಚಿಯಿಂದ ಹಾರಿ, ಗೋಡೆಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತುಬಿಟ್ಟ. ಕಣ್ಣು ಮಾತ್ರ ಚಾವಣಿಯ ಮೇಲೆ.

ಜೊತೆಗೆ ಬಂದಿದ್ದ ಅಕ್ಕನಿಗೆ ಜೀವ ಬಾಯಿಗೆ ಬಂತು. ಹೋದ ವಾರ ಬೇರೊಂದು ಕ್ಲಿನಿಕ್ಕಿನಲ್ಲಿ ಹೀಗೇ ಎದ್ದು, ಸಲಕರಣೆಯ ತಟ್ಟೆ ಚೆಲ್ಲಾಪಿಲ್ಲಿ ಮಾಡಿ ಬೀದಿಗೆ ಓಡಿದ್ದ. ಆಗ ಕೆನ್ನೆ ಮಾತ್ರ ಊದಿತ್ತು. ಈಗ ಬಾವು ಕತ್ತಿಗೆ ಇಳಿದಿತ್ತು. ನೀರು ನುಂಗಲೂ ಮುಖ ಕಿವುಚುತ್ತಿದ್ದ. ಇವತ್ತೇ ಹಲ್ಲು ಕೊರೆದು ಕೀವು ತೆಗೆಯದಿದ್ದರೆ ಉಸಿರಿಗೇ ಕುತ್ತು ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಪ್ರಜ್ಞೆ ತಪ್ಪಿಸಿ ಮಾಡೋಣವೆಂದರೆ, "ನಾನು ಮಲಗಿದ್ರೆ ಕಾವಲು ಯಾರು?" ಎಂದು ಒಂದೇ ಹಠ.

"ತಪ್ಪು ತಿಳ್ಕೋಬೇಡಿ ಡಾಕ್ಟ್ರೇ," ಅಕ್ಕ ತಡವರಿಸಿದಳು. "ಅಲ್ಲಿ ಡ್ರೋನ್ ಬರ್ತಿತ್ತಂತೆ. ಇಂಥದ್ದೇ ಸದ್ದು. ಕೇಳಿಸಿದ್ಮೇಲೆ, ಯಾರ ತಲೆ ಮೇಲೆ ಬೀಳುತ್ತೋ ಅಂತ ಕಾಯೋದೇ ಕೆಲ್ಸ."

ಡಾಕ್ಟರಮ್ಮ ಅಯ್ಯೋ ಪಾಪ ಅನ್ನಲಿಲ್ಲ. ಮಾಸ್ಕ್ ಇಳಿಸಿ, ಮಂಡಿ ಚಟಕ್ಕೆಂದರೂ ಲೆಕ್ಕಿಸದೆ ಅವನೆದುರು ನೆಲದ ಮೇಲೇ ಕೂತರು.

"ಅದನ್ನ ಓಡ್ಸೋನು ಎಲ್ಲಿರ್ತಿದ್ದನಪ್ಪಾ?"

"ಎಲ್ಲೋ. ಕಾಣ್ತಿರ್ಲಿಲ್ಲ."

"ಇದನ್ನ ಓಡ್ಸೋಳು ಇಲ್ಲೇ ಇದೀನಲ್ಲ, ಇಷ್ಟು ದಪ್ಪಗೆ!" ಎನ್ನುತ್ತ ಕುರ್ಚಿಯ ಬುಡದಿಂದ ಯಂತ್ರದ ಪೆಡಲನ್ನು ಎಳೆದು ಅವನ ಮುಂದೆ ತಳ್ಳಿದರು. "ನಾನೂ ಬೇಡ, ನೀನೇ ಓಡ್ಸು. ಒತ್ತಿದ್ರೆ ತಿರುಗುತ್ತೆ, ಬಿಟ್ರೆ ನಿಲ್ಲುತ್ತೆ. ನಾನು ಬರೀ ಹಿಡ್ಕೊಂಡಿರ್ತೀನಿ."

"ಗಾಬರೀಲಿ ಒತ್ತೇಬಿಟ್ರೆ?" ಅಕ್ಕ ಪೆಡಲನ್ನೇ ನೋಡುತ್ತ ಕೇಳಿದಳು.

"ಕೈ ಹಿಂದಕ್ಕೆ ತಗೋತೀನಮ್ಮ."

ಎಷ್ಟೋ ಹೊತ್ತಿನ ಮೇಲೆ ಅವನೆದ್ದು ಕುರ್ಚಿಗೆ ಬಂದು ಕೂತ. ಡಾಕ್ಟರಮ್ಮ ಕುರ್ಚಿಯನ್ನು ಹಿಂದಕ್ಕೆ ಬಾಗಿಸಲಿಲ್ಲ. ಅವನ ಕಾಲು ನೆಲದಲ್ಲೇ ಇರಲಿ ಎಂದು. ದವಡೆ ಮರಗಟ್ಟಲು ಸೂಜಿ ಕೊಟ್ಟು ಕಾದರು.

ಬೂಟುಗಾಲು ಪೆಡಲಿನ ಮೇಲೆ ಮೆಲ್ಲಗೆ ಇಳಿಯಿತು. ಗುಂಯ್. ಅವನ ಮೈ ಸೆಟೆಯಿತು, ಕಾಲು ಪೆಡಲನ್ನು ತುಳಿದುಬಿಟ್ಟಿತು. ಯಂತ್ರ ಕಿರುಚತೊಡಗಿತು. ಡಾಕ್ಟರಮ್ಮ ತಟ್ಟನೆ ಸಲಕರಣೆಯನ್ನು ಬಾಯಿಂದ ಹೊರಗೆಳೆದು ಎತ್ತಿ ಹಿಡಿದರು, ಪೆಡಲಿನ ತಂಟೆಗೆ ಮಾತ್ರ ಹೋಗಲಿಲ್ಲ. ಅಕ್ಕ ಮುನ್ನುಗ್ಗಲು ಹೋದವಳು ಅವರ ಒಂದು ನೋಟಕ್ಕೆ ನಿಂತಳು. ಕಿರುಚಾಟ ನಿಲ್ಲದು. ತಮ್ಮನ ಕಣ್ಣು ಚಾವಣಿಯ ಮೂಲೆಮೂಲೆ ಹುಡುಕಿತು, ಬಾಗಿಲಿಗೆ ಹೋಯಿತು, ಆಮೇಲೆ ಯಾಕೋ ಕೆಳಗಿಳಿದು ತನ್ನದೇ ಬೂಟಿನ ಮೇಲೆ ನಿಂತಿತು.

ಕಾಲು ಎತ್ತಿದ. ಸದ್ದಡಗಿತು.

ಮತ್ತೆ ಒತ್ತಿದ. ಬಿಟ್ಟ. ಒತ್ತಿದ. ಯಾರೂ ಹೇಳದೆ ಬಾಯಿ ತೆರೆದ.

ಹಲ್ಲು ಕೊರೆದು ಕೀವು ಹೊರಬಂದಾಗ ಅವನ ಕಣ್ಣಲ್ಲಿ ದಳದಳ ನೀರು. ಅಕ್ಕ ಬಾಯಿ ಒರೆಸಿದಳು.

"ಇನ್ನೂ ಎರಡು ಸಲ ಬರ್ಬೇಕು," ಎಂದರು ಡಾಕ್ಟರಮ್ಮ.

"ಕಾಲು ನಂದೇ ತಾನೆ?" ಮರಗಟ್ಟಿದ ತುಟಿ ತೊದಲಿತು.

"ನಿಂದೇ. ಚಪ್ಪಲಿ ಹಾಕ್ಕೊಂಡು ಬಾ ಅಷ್ಟೆ. ಆ ಬೂಟಿಗೆ ನನ್ ಪೆಡಲ್ ತಡ್ಕೊಳಲ್ಲ."

ಇಬ್ಬರೂ ಹೊರಗೆ ಬೀದಿಗಿಳಿದಾಗ ಯಾವುದೋ ಮೋಟಾರು ಗುಂಯ್ ಎಂದಿತು. ಅವನು ಗೋಡೆಗೆ ಒತ್ತಿಕೊಂಡ. ಅಕ್ಕ ಬಾ ಅನ್ನಲಿಲ್ಲ. ತಾನೂ ಪಕ್ಕದಲ್ಲಿ ಒತ್ತಿಕೊಂಡು ನಿಂತಳು, ಅದು ದಾಟಿ ಹೋಗುವವರೆಗೆ.