ಎತ್ತದ ತಟ್ಟೆ

ವಾಚಕ ಮಹಾಶಯರೇ, ಸೇಡು ಎಂಬ ಶಬ್ದ ಕಿವಿಗೆ ಬಿದ್ದೊಡನೆ ತಾವು ಕತ್ತಿ, ವಿಷ, ಕತ್ತಲ ಓಣಿ ಮುಂತಾದವುಗಳನ್ನು ನಿರೀಕ್ಷಿಸುವುದು ಸಹಜವೇ ಆಗಿದೆ. ರೈಲು ನಿಲ್ದಾಣಗಳ ಅಂಗಡಿಯಲ್ಲಿ ಅರ್ಧ ಬೆಲೆಗೆ ದೊರೆಯುವ ಕಾದಂಬರಿಗಳನ್ನೇ ಗುರುವೆಂದು ನಂಬಿ ಬೆಳೆದ ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ಆದರೆ ಇಲ್ಲಿ ನಿವೇದಿಸಲಿರುವುದು, ಪ್ರವಾಸ ಹೋದಲ್ಲಿ ಎಲ್ಲ ಊಟವನ್ನೂ ಮೊದಲೇ ಗೊತ್ತು ಮಾಡಿಕೊಳ್ಳುವುದು ಲಾಭವೋ ನಷ್ಟವೋ ಎಂಬ ಸಣ್ಣ ಜಿಜ್ಞಾಸೆಯಿಂದ ಹುಟ್ಟಿದ ಸೇಡು. ಇದರಲ್ಲಿ ರಕ್ತದ ಹನಿಯೂ ಇಲ್ಲ. ರಕ್ತವಿಲ್ಲದ ಮಾತ್ರಕ್ಕೆ ಇದನ್ನು ಸೌಮ್ಯವೆಂದು ಎಣಿಸಬಾರದೆಂದಷ್ಟೇ ನನ್ನ ವಿನಂತಿ.

ನನ್ನ ಭಾವ ದೊಡ್ಡದೊಂದು ಕಾರ್ಖಾನೆಯಲ್ಲಿ, ಹೊರಗಿನಿಂದ ಬರುವ ಸರಕನ್ನು ಪರೀಕ್ಷಿಸುವ ಕೆಲಸದಲ್ಲಿದ್ದವರು. ಬಾಗಿಲಿಗೆ ಬಂದ ಪೆಟ್ಟಿಗೆಯನ್ನು ಬಿಚ್ಚಿಸಿ, ಎರಡೇ ಬೆರಳಿನಲ್ಲಿ ಒಂದು ಮೊಳೆಯನ್ನೋ ತಿರುಪನ್ನೋ ಎತ್ತಿ ನೋಡಿ, ‘ವಾಪಸ್’ ಎನ್ನುವುದು ಅವರ ಉದ್ಯೋಗದ ಬಹುಭಾಗವಾಗಿತ್ತು. ಕೆಲಸಗಾರರೆಲ್ಲ ಅವರನ್ನು ಹಿಂದಿನಿಂದ ವಾಪಸ್ ಸಾಹೇಬರೆಂದು ಕರೆಯುತ್ತಿದ್ದರು; ಅದು ಅವರ ಕಿವಿಗೂ ಬಿದ್ದಿತ್ತು, ಅವರು ಅದನ್ನು ಬಿರುದೆಂದೇ ಭಾವಿಸಿದ್ದರು. ವಿಷಯ ಅಲ್ಲಿಗೇ ನಿಂತಿದ್ದರೆ ನನ್ನದೇನೂ ತಕರಾರಿರಲಿಲ್ಲ. ಆದರೆ ಅದೇ ಎರಡು ಬೆರಳು ಸಂಜೆ ಮನೆಗೂ ಬರುತ್ತಿದ್ದವು. ಅಕ್ಕ ಬಡಿಸಿದ ತಟ್ಟೆಯಿಂದ ಒಂದು ತುತ್ತನ್ನು ಬಾಯಿಗಿಟ್ಟು, ಮುಖ ಕಿವುಚಿ, ಆ ಬೆರಳುಗಳಿಂದ ತಟ್ಟೆಯನ್ನು ಮೇಜಿನ ನಡುವಿಗೆ ತಳ್ಳುವರು. ಮಾತಿಲ್ಲ, ಕತೆಯಿಲ್ಲ. ಉಪ್ಪು ಹೆಚ್ಚಾಯಿತೋ, ಬೇಳೆ ಬೇಯಲಿಲ್ಲವೋ, ಅದನ್ನು ಅಕ್ಕನೇ ಊಹಿಸಿಕೊಳ್ಳಬೇಕು. ಆಗಷ್ಟೇ ಉಣ್ಣಲು ಕುಳಿತವಳು ಕೈ ತೊಳೆದು ಮತ್ತೆ ಒಲೆ ಹಚ್ಚುವಳು. ಎರಡನೆಯ ಅಡುಗೆ ಮೇಜಿಗೆ ಬರುವ ವೇಳೆಗೆ ಅವಳ ತಟ್ಟೆಯಲ್ಲಿದ್ದುದು ಆರಿ, ಅನ್ನ ಗಟ್ಟಿಯಾಗಿರುತ್ತಿತ್ತು. ಮದುವೆಯಾದ ಮೇಲೆ ಅಕ್ಕ ಬಿಸಿ ಊಟ ಮಾಡಿದ್ದನ್ನು ನಾನು ಕಂಡದ್ದೇ ಇಲ್ಲ.

ನಾನು ಕಾಲಿಗೆ ಚಕ್ರ ಕಟ್ಟಿಕೊಂಡವನು. ಊರೂರು ತಿರುಗಿ, ಸಿಕ್ಕ ಕೆಲಸ ಮಾಡಿ, ಬೇಸರ ಬಂದಾಗ ಅಕ್ಕನ ಮನೆಗೆ ಬಂದು ಬೀಳುವವನು. ಬಂದಾಗಲೆಲ್ಲ ಭಾವ ನನ್ನನ್ನು ದಂಡಪಿಂಡವೆಂದು ಸ್ವಾಗತಿಸುತ್ತಿದ್ದರು. ಉಂಡಾಡಿಗೆ ಆ ಮಾತು ತಾಕುವುದುಂಟೆ? ಎಮ್ಮೆಯ ಮೇಲೆ ಮಳೆ ಸುರಿದಂತೆ ಸಹಿಸಿದೆ. ಸಹಿಸಲಾಗದೇ ಹೋದದ್ದು ಆ ತಟ್ಟೆಯ ಸದ್ದು, ಮರದ ಮೇಲೆ ಲೋಹ ಜಾರುವ ಆ ಕಿರ್ ಎಂಬ ಸದ್ದು. ದೂರದ ಊರುಗಳ ಮುಸಾಫಿರಖಾನೆಗಳಲ್ಲಿ ಮಲಗಿದ್ದಾಗಲೂ ಅದು ಕೇಳಿಸುತ್ತಿತ್ತು. ಈ ಮನುಷ್ಯ ತಾನು ತಳ್ಳಿದ್ದನ್ನೇ, ಆರಿ ತಣ್ಣಗಾದ ಮೇಲೆ, ಅಕ್ಕನ ಕಣ್ಣೆದುರಿನಲ್ಲಿ ಉಣ್ಣಬೇಕು. ಅದನ್ನು ನೋಡದೆ ನನ್ನ ಕಣ್ಣು ಮುಚ್ಚಬಾರದು. ನನ್ನ ಬಾಳಿನಲ್ಲಿ ನಾನು ಹೊತ್ತ ಹರಕೆ ಇದೊಂದೇ.

ಭಾವ ನಿವೃತ್ತರಾದರು. ಮದುವೆಯಾಗಿ ಬೇರೆ ಊರಿನಲ್ಲಿದ್ದ ಅವರ ಮಗಳು, ಅಪ್ಪ ಅಮ್ಮ ಒಂದು ವಾರ ಸಮುದ್ರ ತೀರದಲ್ಲಿ ಹಾಯಾಗಿರಲೆಂದು ಅತಿಥಿಗೃಹವೊಂದರಲ್ಲಿ ಕೋಣೆ ಗೊತ್ತು ಮಾಡಿದಳು. ಭಾವ ಒಂದೇ ಷರತ್ತು ಹಾಕಿದರು: ಕೋಣೆಯ ಮೂಲೆಯಲ್ಲಿ ಒಲೆ ಇರಬೇಕು. ಅಂದರೆ ರಜೆ ಅವರಿಗೆ, ಒಲೆ ಅಕ್ಕನಿಗೆ. ಹೊರೆ ಹೊರಲು ಆಳು ಬೇಕೆಂದು ನನ್ನನ್ನೂ ಸೇರಿಸಿಕೊಂಡರು. ಅಕ್ಕಿ, ಬೇಳೆ, ಎಣ್ಣೆ ಎಲ್ಲವೂ ಚೀಲ ಸೇರಿದವು. ಅಜ್ಜಿಯ ಕಾಲದ ಕುಕ್ಕರನ್ನು ಅಕ್ಕ ತಾನೇ ಹಳೆಯ ದುಪ್ಪಟಿಯಲ್ಲಿ ಸುತ್ತಿ ಗಂಟು ಕಟ್ಟಿದಳು. ಕೈಜೋಡಿಸಲು ಹೋದ ನನ್ನನ್ನು ಹತ್ತಿರಕ್ಕೂ ಬಿಡಲಿಲ್ಲ.

ಅತಿಥಿಗೃಹದ ಕೌಂಟರಿನಲ್ಲಿ ಕುಳಿತಿದ್ದ ಹುಡುಗಿ ವಿನಯದಿಂದ ವಿವರಿಸಿದಳು. ಪ್ಯಾಕೇಜು ತೆಗೆದುಕೊಂಡರೆ ತಿಂಡಿ, ಎರಡು ಹೊತ್ತಿನ ಊಟ, ಸಂಜೆಯ ಚಹಾ ಎಲ್ಲವೂ ಕೆಳಗಿನ ಊಟದ ಮನೆಯಲ್ಲಿ. ತೆಗೆದುಕೊಂಡವರ ಮಣಿಕಟ್ಟಿಗೆ ನೀಲಿ ಪಟ್ಟಿ ಕಟ್ಟುತ್ತಾರೆ. ಬೇಡವೆಂದರೆ ಕೋಣೆಯಲ್ಲಿ ಒಲೆ ಇದ್ದೇ ಇದೆ. ಭಾವ ಬೆರಳು ಮಡಚಿ ಲೆಕ್ಕ ಹಾಕತೊಡಗಿದರು. ನಷ್ಟವೆಂದು ತೋರಿತು. ಗಲ್ಲದಿಂದ ಅಕ್ಕನ ಕಡೆಗೆ ಸನ್ನೆ ಮಾಡಿ, ಇವಳಿರುವಾಗ ಅದೆಲ್ಲ ಯಾತಕ್ಕೆ ಎಂಬಂತೆ ತಲೆಯಾಡಿಸಿದರು. ಅಕ್ಕ ಗಾಜಿನ ಬಾಗಿಲಿನಾಚೆ ಸಮುದ್ರವನ್ನು ನೋಡುತ್ತ ನಿಂತಿದ್ದಳು.

ಅಕ್ಕನನ್ನು ಒಲೆಯಿಂದ ಬಿಡಿಸುವ ಗುಟ್ಟೊಂದು ನನಗೆ ಗೊತ್ತಿತ್ತು. ನಾನು ಪೂರ್ವವೆಂದರೆ ಭಾವನಿಗೆ ಅದು ಪಶ್ಚಿಮ. ನಮ್ಮ ಹಿಂದೆ ಹುಲ್ಲಿನ ಟೋಪಿಯ ಗೃಹಸ್ಥರೊಬ್ಬರು ಹೆಂಡತಿಯೊಡನೆ ಸರದಿಗೆ ಕಾಯುತ್ತಿದ್ದರು. ಅವರಿಗೂ ಕೇಳಲೆಂದು ನಾನು ತುಸು ದನಿಯೆತ್ತಿದೆ.

“ಬೇಡ ಬಿಡಿ ಭಾವ. ಅದೆಲ್ಲ ದೊಡ್ಡೋರ ವ್ಯವಹಾರ. ನಮ್ಮಂಥೋರು ರೂಮಲ್ಲೇ ಏನೋ ಒಂದು ಬೇಯಿಸ್ಕೊಂಡು ಇದ್ದುಬಿಡೋಣ. ನಾಲ್ಕು ಜನದ ಮಧ್ಯೆ ಹೇಗೆ ಕೂತು ತಿನ್ಬೇಕು ಅಂತಾನೂ ನಮಗೆ ಗೊತ್ತಾಗಲ್ಲ.”

ಟೋಪಿಯವರು ಭಾವನನ್ನು ಕನಿಕರದಿಂದ ನೋಡಿದರು. ಭಾವನ ಕಿವಿಗಳು ಕೆಂಪಾದವು.

“ನನ್ನಂಥೋನು ಅನ್ನು. ನಮ್ಮಂಥೋರು ಅನ್ಬೇಡ,” ಎಂದವರೇ ಹುಡುಗಿಯ ಮುಂದೆ ಮಣಿಕಟ್ಟನ್ನು ಚಾಚಿದರು. “ಮೂರು ಜನಕ್ಕೂ ಕಟ್ಟಮ್ಮ.”

ಸಂತೆಗೆ ಹೊರಟ ಕುರಿಗೆ ಹಗ್ಗ ಬಿಗಿದಂತೆ ಆ ನೀಲಿ ಪಟ್ಟಿ ಬಿಗಿಯುವುದನ್ನು ನಾನು ಕಣ್ತುಂಬ ನೋಡಿದೆ. ಆದರೂ ಎಚ್ಚರ ತಪ್ಪಲಿಲ್ಲ. ಕೋಣೆ ಸೇರಿ ಅಕ್ಕ ಮುಖ ತೊಳೆಯಲು ಹೋದಾಗ, ಗಂಟಿನೊಳಗೆ ಕೈ ತೂರಿಸಿ ತಡಕಿ, ಕುಕ್ಕರಿನ ವೆಯ್ಟನ್ನು ಎಳೆದು ಜೇಬಿಗೆ ಹಾಕಿಕೊಂಡೆ. ಬೇಳೆ ಬೆಣ್ಣೆಯಂತೆ ಬೇಯದಿದ್ದರೆ ಭಾವ ಮುಟ್ಟುವವರಲ್ಲ; ವೆಯ್ಟಿಲ್ಲದ ಕುಕ್ಕರು ಬರೀ ತಪ್ಪಲೆ. ಕಾದಂಬರಿಯ ಸೇಡಿನವರ ಸೊಂಟದಲ್ಲಿ ಕಠಾರಿ ಇರುತ್ತದೆ. ನನ್ನ ತೊಡೆಗೆ ಒತ್ತುತ್ತಿದ್ದುದು ಹೆಬ್ಬೆರಳು ಗಾತ್ರದ ಆ ಲೋಹದ ತುಂಡು.

ಊಟದ ಮನೆ ಉದ್ದವಾಗಿತ್ತು; ಒಂದು ಗೋಡೆಯ ತುಂಬ ಕಿಟಕಿಗಳು, ಕಿಟಕಿಗಳ ತುಂಬ ಸಮುದ್ರ. ಎದುರು ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಹಲಗೆಯಿತ್ತು: ‘ಮುಗಿಸದ ತಟ್ಟೆಯನ್ನು ಎತ್ತುವುದಿಲ್ಲ. ಎತ್ತದ ತಟ್ಟೆಯ ಮುಂದೆ ಇನ್ನೊಂದನ್ನು ಇಡುವುದಿಲ್ಲ.’ ಮಾಲೀಕನ ತಾಯಿಯ ಕಾಲದಿಂದ ಬಂದ ಕಟ್ಟಳೆಯಂತೆ. ಅದನ್ನು ನಡೆಸುವವಳು ತೋಳು ಮಡಚಿದ ಗಟ್ಟಿಮುಟ್ಟಾದ ಹೆಂಗಸು. ಕೈಯಿಂದ ಸೌಟನ್ನು ಕೆಳಗಿಡದ ಅವಳಿಗೆ ನಾನು ಮನಸ್ಸಿನಲ್ಲೇ ಸೌಟಮ್ಮ ಎಂದು ಹೆಸರಿಟ್ಟೆ. ಭಾವ ಹಲಗೆಗೆ ಬೆನ್ನು ಮಾಡಿ ಕುಳಿತರು. ತಮ್ಮೆದುರಿಗೆ ಬಂದ ಸರಕನ್ನಲ್ಲದೆ ಬೇರೇನನ್ನೂ ಪರೀಕ್ಷಿಸುವ ಅಭ್ಯಾಸ ಅವರಿಗಿರಲಿಲ್ಲ.

ದುಡ್ಡು ಕೊಟ್ಟಾಗಿದೆಯೆಂದು ತಟ್ಟೆಯಲ್ಲಿ ಗುಡ್ಡೆ ಹಾಕಿಸಿಕೊಂಡರು. ಒಂದು ತುತ್ತು ಬಾಯಿಗಿಟ್ಟರು. ಮುಖ ಕಿವುಚಿತು. ಎರಡು ಬೆರಳು ಚಾಚಿದವು. ಕಿರ್ ಎಂದು ತಟ್ಟೆ ಮೇಜಿನ ನಡುವಿಗೆ ಸರಿಯಿತು. ಅವರು ಅಕ್ಕನನ್ನು ನೋಡಿದರು.

ಅಕ್ಕ ಆಗಷ್ಟೇ ಸೂಪಿನ ಚಮಚವನ್ನು ತುಟಿಯ ಬಳಿಗೆ ತಂದಿದ್ದಳು. ಅದು ಹಾಗೇ ಕೆಳಗಿಳಿಯಿತು. ಕೈ ಮೇಜಿನ ಅಂಚನ್ನು ಹಿಡಿಯಿತು. ಮೈ ತಾನಾಗಿ ಎದ್ದಿತು. ಎಲ್ಲಿಗೆ ಹೋಗುವಳು, ಏನು ಮಾಡುವಳು ಎಂಬುದು ಅವಳಿಗೂ ತಿಳಿದಿರಲಾರದು.

“ಎಲ್ಲಿಗಮ್ಮ ಎದ್ರಿ?” ಎಂದಳು ಸೌಟಮ್ಮ.

“ಇವರಿಗೆ ಬೇರೆ ಏನಾದರೂ...”

“ಒಲೆ ನಮ್ದು, ಬೆಂಕಿ ನಮ್ದು. ನೀವು ಕೂತ್ಕೊಳ್ಳಿ. ಸೂಪು ಆರೋಗುತ್ತೆ.”

ಅಕ್ಕ ಕುಳಿತಳು. ಭಾವ ಗಂಟಲು ಸರಿಪಡಿಸಿಕೊಂಡು, ಇದನ್ನು ಎತ್ತಿ ಬೇರೆ ತಟ್ಟೆ ತರಬೇಕೆಂದು ಆಜ್ಞಾಪಿಸಿದರು. ಸೌಟಮ್ಮ ಸೌಟಿನಿಂದ ಗೋಡೆಯನ್ನು ತೋರಿಸಿದಳು. ಪಕ್ಕದ ಮೇಜಿನಲ್ಲಿದ್ದ ಟೋಪಿಯವರು ಉಪಕಾರವಾಗಲೆಂದು ಹಲಗೆಯನ್ನು ಗಟ್ಟಿಯಾಗಿ ಓದಿ ಹೇಳಿದರು. ಊಟದ ಮನೆಯೆಲ್ಲ ತಿರುಗಿ ನೋಡಿತು. ಅಂದು ಆ ತಟ್ಟೆ ಊಟ ಮುಗಿಯುವವರೆಗೂ ಭಾವನ ಮುಂದೆ ಕದಲದೆ ಕುಳಿತಿತ್ತು, ಸಾಲ ಕೇಳಲು ಬಂದ ನೆಂಟನ ಹಾಗೆ.

ಆಮೇಲಿನ ದಿನಗಳನ್ನು ನಾನು ಸವಿದದ್ದು ಹೇಗೆಂದು ಬಣ್ಣಿಸಲಾರೆ. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಗೆ ಭಾವನ ಬೆರಳುಗಳೇ ಸಾಕ್ಷಿಯಾದವು. ಹಸಿವಿದ್ದರೂ ಅವು ತಳ್ಳುತ್ತಿದ್ದವು. ತಳ್ಳಿದ್ದನ್ನು ಮತ್ತೆ ಎಳೆದುಕೊಂಡು ಉಣ್ಣಲು ಮಾನ ಬಿಡುತ್ತಿರಲಿಲ್ಲ. ಪ್ಯಾಕೇಜು ಕೊಂಡ ಮೇಲೆ ಹೊರಗಿನ ಅಂಗಡಿಯಲ್ಲಿ ತಿನ್ನಲು ಜೀವ ಒಪ್ಪುತ್ತಿರಲಿಲ್ಲ. ಹೀಗೆ ಹಣ ಕೊಟ್ಟವರೂ ತಾವೇ, ಉಪವಾಸವಿದ್ದವರೂ ತಾವೇ ಆದರು. ನಾನು ಪ್ರತಿ ತುತ್ತಿಗೂ ಅಡುಗೆಯನ್ನು ಹೊಗಳುತ್ತ, ರೊಟ್ಟಿಯ ಮೃದುತ್ವವನ್ನೂ ಮೀನಿನ ಹದವನ್ನೂ ಭಾವನಿಗೇ ವಿವರಿಸುತ್ತ ಉಂಡೆ. ಅಕ್ಕ ಮಾತ್ರ ಏನನ್ನೂ ಹೊಗಳಲಿಲ್ಲ. ಬಟ್ಟಲಿನ ಹಬೆ ಏರಿ ಕನ್ನಡಕ ಮಂಜಾಗುತ್ತಿತ್ತು. ಅವಳು ಅದನ್ನು ಒರೆಸಿಕೊಳ್ಳದೆ, ಏನೂ ಕಾಣದೆ, ನಿಧಾನವಾಗಿ ಉಣ್ಣುತ್ತಿದ್ದಳು. ಮಂಜು ಕರಗಿದರೆ ಇನ್ನೊಂದು ಬಟ್ಟಲು ತರಿಸಿಕೊಳ್ಳುತ್ತಿದ್ದಳು.

ವಾರದ ನಡುವೆ ಒಂದು ಸಂಜೆ ಭಾವನ ತಾಳ್ಮೆ ಮುಗಿಯಿತು. ಕೋಣೆಯಲ್ಲಿ ಮಂಚದ ಮೇಲೆ ಕುಳಿತು, ಈ ಹಾಳು ಊಟದ ಸಹವಾಸ ಸಾಕು, ಕುಕ್ಕರು ಇಟ್ಟು ಬೇಳೆ ಅನ್ನ ಮಾಡೆಂದು ಅಕ್ಕನಿಗೆ ಹೇಳಿದರು. ಅಕ್ಕ ಗಂಟು ಬಿಚ್ಚಿದಳು. ವೆಯ್ಟು ಇಲ್ಲ. ಭಾವ ಚೀಲ ಕೊಡವಿದರು, ದುಪ್ಪಟಿ ಕೊಡವಿದರು, ದಿಂಬನ್ನೂ ಮಗುಚಿದರು. ಕೊನೆಗೆ ಅವರ ಕಣ್ಣು ಕಿಟಕಿಯ ಬಳಿ ಸನ್ಯಾಸಿಯಂತೆ ಕುಳಿತಿದ್ದ ನನ್ನ ಮೇಲೆ ನಿಂತಿತು.

“ಇದು ಇವನದೇ ಕೆಲಸ. ಜೇಬು ತೋರಿಸೋ.”

ನಾನು ಎದ್ದು ನಿಂತೆ. ತೋರಿಸುವುದಿಲ್ಲವೆನ್ನಲು, ಇಷ್ಟು ವರ್ಷ ನುಂಗಿದ್ದನ್ನೆಲ್ಲ ಉಗುಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ನಡುವೆ ಬಂದಳು.

“ಅವನ ಜೇಬು ಬಿಡಿ. ವೆಯ್ಟು ಸಿಕ್ಕಿದ್ರೂ ಈ ಕುಕ್ಕರು ಕೂಗಲ್ಲ.”

ಅವಳು ಮುಚ್ಚಳವನ್ನು ಅಂಗಾತ ಹಿಡಿದು ತೋರಿಸಿದಳು. ಅಂಚಿನ ಸುತ್ತ ಇರಬೇಕಾದ ರಬ್ಬರಿನ ಬಳೆಯೇ ಇರಲಿಲ್ಲ.

“ಗ್ಯಾಸ್ಕೆಟ್ ಎಲ್ಲೇ?” ಎಂದರು ಭಾವ.

“ಮನೇಲಿ. ಅಕ್ಕಿ ಡಬ್ಬದ ತಳದಲ್ಲಿ.”

“ಮರೆತು ಬಂದ್ಯಾ?”

“ಇಲ್ಲ,” ಎಂದಳು ಅಕ್ಕ. “ತೆಗೆದಿಟ್ಟು ಬಂದೆ.”

ಭಾವ ಅವಳನ್ನು ಎಷ್ಟೋ ಹೊತ್ತು ನೋಡಿದರು. ವಾಪಸ್ ಎನ್ನಲು ಬಾರದ ಸರಕೊಂದು ಮೊದಲ ಬಾರಿಗೆ ಅವರ ಬಾಗಿಲಿಗೆ ಬಂದಂತಿತ್ತು. ನಾನೂ ನೋಡಿದೆ. ನಾನು ಚಾಪೆಯ ಕೆಳಗೆ ನುಸುಳಿದೆನೆಂದು ಬೀಗುತ್ತಿದ್ದರೆ, ಅವಳು ರಂಗೋಲಿಯ ಕೆಳಗೆ ನುಸುಳಿ ಆಗಲೇ ಆಚೆ ತಲುಪಿದ್ದಳು. ಕೌಂಟರಿನಲ್ಲಿ ಭಾವ ಪ್ಯಾಕೇಜು ಬೇಡವೆಂದಿದ್ದರೂ ಆ ವಾರ ಅವಳ ಕೈಯಿಂದ ಅಡುಗೆ ಆಗುತ್ತಿರಲಿಲ್ಲ. ಹೊಸ್ತಿಲು ದಾಟುವ ಮೊದಲೇ ಅವಳು ತೀರ್ಮಾನಿಸಿಬಿಟ್ಟಿದ್ದಳು.

ಮರುದಿನ ಮಧ್ಯಾಹ್ನ ಊಟದ ಮನೆ ತುಂಬಿತ್ತು. ಒಂದು ತುತ್ತು, ಎರಡು ಬೆರಳು, ಕಿರ್ ಎಂಬ ಸದ್ದು. ಆದರೆ ಈ ಸಲ ಭಾವ ಅಕ್ಕನ ಕಡೆ ನೋಡಲಿಲ್ಲ. ತಟ್ಟೆಯನ್ನೇ ನೋಡುತ್ತ ಕುಳಿತರು. ಅಕ್ಕ ಅವಸರವಿಲ್ಲದೆ ಊಟ ಮುಗಿಸಿದಳು. ತುಟಿ ಒರೆಸಿಕೊಂಡಳು. ಆಮೇಲೆ ತೋರುಬೆರಳನ್ನೂ ನಡುಬೆರಳನ್ನೂ ಚಾಚಿ, ಭಾವನ ತಟ್ಟೆಯನ್ನು ಭಾವನ ಎದುರಿಗೇ ಹಿಂದಕ್ಕೆ ತಳ್ಳಿದಳು.

“ತಿನ್ನಿ.”

“ಆರಿ ಹೋಗಿದೆ,” ಎಂದರು ಭಾವ.

“ಆರಿದ್ರೇನು? ನಾನು ಇಷ್ಟು ವರ್ಷ ತಿಂದಿದ್ದು ಆರಿದ್ದನ್ನೇ ಅಲ್ವಾ? ಸತ್ತಿಲ್ಲ ನೋಡಿ.”

ಅವಳು ದನಿಯೇರಿಸಲಿಲ್ಲ. ಆದರೂ ಪಕ್ಕದ ಮೇಜಿನಲ್ಲಿ ಟೋಪಿಯವರ ಚಮಚ ನಿಂತಿತು. ಭಾವ ತಲೆ ತಗ್ಗಿಸಿ ಒಂದು ತುತ್ತು ತೆಗೆದುಕೊಂಡರು. ಗಟ್ಟಿಯಾದ ಅನ್ನ ಗಂಟಲಲ್ಲಿಳಿಯಲು ಹಿಂದೇಟು ಹಾಕಿತು; ನೀರು ಕುಡಿದರು; ಮತ್ತೊಂದು ತುತ್ತು. ನಾನು ಒಂದೊಂದನ್ನೂ ನೋಡಿದೆ. ಆಗ ನನಗೆ ಕನಿಕರ ಹುಟ್ಟಿತೆಂದು ಬರೆದರೆ ಕಥೆಗೆ ಶೋಭೆಯಾದೀತು; ಆದರೆ ಹುಟ್ಟಲಿಲ್ಲ. ಕೊನೆಯ ಅಗುಳಿನವರೆಗೂ ಅವರು ಉಂಡರು, ಕೊನೆಯ ಅಗುಳಿನವರೆಗೂ ನನ್ನ ಹೊಟ್ಟೆ ತಣ್ಣಗಾಯಿತು.

ಸೌಟಮ್ಮ ಬಂದು ತಟ್ಟೆ ಎತ್ತಿದಳು. ಇನ್ನೊಂದು ಬೇಕೇ ಎಂದು ಕೇಳಿದಳು. ಭಾವ ಹೌದೆಂದು ತಲೆಯಾಡಿಸಿದರು.

“ಸ್ವಲ್ಪ ಸ್ವಲ್ಪವೇ ಹಾಕಿ,” ಎಂದಳು ಅಕ್ಕ. “ಬಿಟ್ರೆ ನೀವು ಎತ್ತಲ್ಲ. ಇನ್ಮೇಲೆ ನಾನೂ ಎತ್ತಲ್ಲ.”

ಹರಕೆ ತೀರಿದ ಮೇಲೆ ನನಗೆ ಅಲ್ಲೇನು ಕೆಲಸ? ಬೆಳಗಾಗುತ್ತಲೇ ಚೀಲಕ್ಕೆ ಎರಡು ಅಂಗಿ, ಓದಿ ಮುಗಿಯದ ಒಂದು ಕಾದಂಬರಿ ತುರುಕಿದೆ. ಮಣಿಕಟ್ಟಿನ ನೀಲಿ ಪಟ್ಟಿಯನ್ನು ಹಲ್ಲಿನಿಂದ ಕಡಿದೆ. ಅದನ್ನು ಕಂಡ ಭಾವ, ಹಣ ಕಟ್ಟಿಯಾಗಿದೆ, ವಾರ ಮುಗಿಸಿಕೊಂಡು ಹೋಗೆಂದು ಗೊಣಗಿದರು. ನನ್ನನ್ನು ಇರು ಎಂದು ಅವರು ಹೇಳಿದ್ದು ಅದೇ ಮೊದಲು. ನಾನು ಚೀಲದ ಬಾಯಿ ಬಿಗಿದೆ.

ಅಕ್ಕ ಮೆಟ್ಟಿಲಿನವರೆಗೂ ಬಂದಳು. ನಾನು ಜೇಬಿನಿಂದ ವೆಯ್ಟನ್ನು ತೆಗೆದು ಅವಳ ಮುಂದೆ ಚಾಚಿದೆ. ಅವಳು ಅದನ್ನು ನೋಡಿ, ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಮುಚ್ಚಿದಳು.

“ನಿನ್ನ ಹತ್ರಾನೇ ಇರ್ಲಿ ಕಣೋ. ಗ್ಯಾಸ್ಕೆಟ್ ಆದ್ರೆ ಯಾವ ಅಂಗಡೀಲಾದ್ರೂ ಸಿಗುತ್ತೆ. ಅಜ್ಜಿ ಕುಕ್ಕರಿನ ವೆಯ್ಟು ಈಗ ಎಲ್ಲೂ ಸಿಗಲ್ಲ.”

“ಹಾಗಾದ್ರೆ ಎಷ್ಟು ದೂರ ತಗೊಂಡು ಹೋಗ್ಲಿ?”

“ನೀನು ಹೋಗೋಷ್ಟು ದೂರ,” ಎಂದು ಅವಳು ಒಳಗೆ ತಿರುಗಿದಳು. ತಿಂಡಿಯ ಗಂಟೆ ಬಡಿದಿತ್ತು. ಬಿಸಿಯಾಗಿರುವಾಗಲೇ ಹೋಗಬೇಕಿತ್ತು ಅವಳಿಗೆ.

ನಾನು ಚೀಲವನ್ನು ಹೆಗಲಿಗೇರಿಸಿ ಸಮುದ್ರದ ಬದಿಯ ರಸ್ತೆಗಿಳಿದೆ. ವೆಯ್ಟು ಹೆಜ್ಜೆ ಹೆಜ್ಜೆಗೂ ತೊಡೆಗೆ ಬಡಿಯುತ್ತಿತ್ತು. ಬಸ್ಸು ನಿಲ್ಲುವ ಕಡೆ ಎರಡು ದಾರಿ ಕವಲೊಡೆಯುತ್ತಿದ್ದವು; ಯಾವುದು ಉದ್ದವೆಂದು ಅಲ್ಲಿದ್ದವರನ್ನು ಕೇಳಿ, ಅದನ್ನೇ ಹಿಡಿದೆ.