ಭಾಗ್ಯಾಳ ಕೈಮಾತು

ಮಾಪಣ್ಣ ಮರಾಠಿ ಸೀಮೆಯ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಹಮಾಲ. ಹೆಂಡತಿ ಚಂದ್ರಬಾಯಿ ಪಕ್ಕದ ಕಾಮೋಠೆಯಲ್ಲಿ ಏಳುತ್ತಿದ್ದ ಬಿಲ್ಡಿಂಗುಗಳ ಕೆಲಸಕ್ಕೆ ಹೋಗುತ್ತಿದ್ದಳು. ದಿನವಿಡೀ ಅವರ ಕೂಸು ಭಾಗ್ಯಾಳನ್ನು ನೋಡಿಕೊಳ್ಳುವವಳು ಮಾಪಣ್ಣನ ತಂಗಿ ಸುಲೋಚನಾ. ಅವಳಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಗುಲಬರ್ಗಾದ ಕಿವುಡ ಮಕ್ಕಳ ಶಾಲೆಯಲ್ಲಿ ಆರು ವರ್ಷ ಇದ್ದು ಕೈಮಾತು ಕಲಿತಿದ್ದಳು.

ಒಂದೂವರೆ ವರ್ಷದ ಭಾಗ್ಯಾಗೆ ಬಾಯಿಮಾತು ಇನ್ನೂ ಬಂದಿರಲಿಲ್ಲ. ಆದರೆ ಹಾಲು ಬೇಕಾದರೆ ಮುಷ್ಟಿ ಹಿಂಡಿ ತೋರಿಸುತ್ತಿದ್ದಳು. ಇರುವೆ ಕಂಡರೆ ತೋಳಿನ ಮೇಲೆ ಬೆರಳು ಹರಿದಾಡಿಸುತ್ತಿದ್ದಳು. ಮಗಳು ತನಗಿಂತ ನಾದಿನಿಯ ಜೊತೆ ಹೆಚ್ಚು ಮಾತಾಡುತ್ತಾಳೆಂದು ಚಂದ್ರಬಾಯಿಗೆ ಒಳಗೊಳಗೇ ಕಸಿವಿಸಿ.

ಮಾಪಣ್ಣನಿಗಂತೂ ಇದು ಸೇರಲಿಲ್ಲ. "ಹಿಂಗ ಕೈ ಆಡಸ್ಕೋತ ಕುಂತ್ರ ಕೂಸಿಗಿ ಮಾತು ಬರ್ತಾವೇನು? ಬಂದ್ ಮಾಡಸು" ಅಂದ.

ಚಂದ್ರಬಾಯಿ ನಾದಿನಿಯ ಎರಡೂ ಕೈ ಹಿಡಿದು ಕೆಳಗಿಳಿಸಿ, ಬೇಡವೆಂದು ತಲೆಯಾಡಿಸಿದಳು. ಸುಲೋಚನಾ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು. ಅಂದಿನಿಂದ ಕೂಸಿನ ರಗಳೆ ಜಾಸ್ತಿಯಾಯಿತು.

ಎಂಟು ದಿನ ಕಳೆದ ಮೇಲೆ, ಒಂದು ಬೆಳಿಗ್ಗೆ ಭಾಗ್ಯಾ ಚೀರಿ ಅಳತೊಡಗಿದಳು. ಚಂದ್ರಬಾಯಿ, ಸುಲೋಚನಾ ಇಬ್ಬರೂ ಅವಳನ್ನು ಎತ್ತಿಕೊಂಡು ದವಾಖಾನೆಗೆ ಹೋದರು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಹಲ್ಲು ಬರುತ್ತಿವೆ ಎಂದು ಔಷಧಿ ಬರೆದುಕೊಟ್ಟರು. ಹೊರಗೆ ಬೆಂಚಿನ ಮೇಲೆ ಕೂಸು ಸುಲೋಚನಾಳತ್ತ ತಿರುಗಿ ತೋಳಿನ ಮೇಲೆ ಬೆರಳು ಹರಿದಾಡಿಸಿತು, ಬಲಗಿವಿ ಮುಟ್ಟಿಕೊಂಡಿತು. ಮತ್ತೆ ಅದನ್ನೇ ಮಾಡಿತು. ಸುಲೋಚನಾ ಅತ್ತಿಗೆಯ ರಟ್ಟೆ ಹಿಡಿದು ಜಗ್ಗಿ ಕೂಸಿನ ಕೈ ತೋರಿಸಿದಳು.

ಇರುವೆಯ ಸನ್ನೆ ಗುರುತು ಸಿಕ್ಕಿ ಚಂದ್ರಬಾಯಿ ವಾಪಸ್ ಒಳಗೆ ನುಗ್ಗಿದಳು. "ಸಾಬ್, ಕಾನ್ ಮೇ ಚೀಂಟಿ ಹೈ."

"ಕಿಸ್ನೆ ಬೋಲಾ?" ಯಾರು ಹೇಳಿದರೆಂದು ಡಾಕ್ಟರು ಕೇಳಿದರು.

"ಬಚ್ಚೀ ನೇ," ಅಂದಳು, ಕೂಸಿನತ್ತ ಕೈಮಾಡಿ.

ಡಾಕ್ಟರು ನಂಬದೆಯೇ ಟಾರ್ಚ್ ಹಿಡಿದರು. ಕಿವಿಗೆ ಎಣ್ಣೆ ಬಿಟ್ಟಾಗ ದೊಡ್ಡದೊಂದು ಕಟ್ಟಿರುವೆ ತೇಲಿ ಬಂತು.

ಸಂಜೆ ಇದನ್ನೆಲ್ಲ ಕೇಳಿ ಮಾಪಣ್ಣ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡ. ಆಮೇಲೆ, "ನನಗೂ ಒಂದೀಟು ಕಲಸು ಅಂತ ಅಕಿಗಿ ಹ್ಯಾಂಗ ಹೇಳಬೇಕು?" ಎಂದು ಕೇಳಿದ.

"ನನಗೂ ಗೊತ್ತಿಲ್ಲ," ಅಂದಳು ಚಂದ್ರಬಾಯಿ.

ಎರಡು ವರ್ಷ ತುಂಬುವುದರೊಳಗೆ ಭಾಗ್ಯಾ ಅವ್ವನ ಜೊತೆ ಕನ್ನಡ, ಪಕ್ಕದ ಮನೆಯವರ ಜೊತೆ ಮರಾಠಿ ಆಡತೊಡಗಿದಳು. ಮಾಪಣ್ಣ ಹತ್ತಿಪ್ಪತ್ತು ಸನ್ನೆಗೇ ನಿಂತ. ಚಂದ್ರಬಾಯಿ ಬಿಡದೆ ಕಲಿತಳು. ಒಂದು ರಜೆಯ ದಿನ, ಶಾಲೆಯಲ್ಲಿ ನಿನ್ನ ಗೆಳತಿಯರು ಯಾರಿದ್ದರು ಎಂದು ನಾದಿನಿಯನ್ನು ಕೈಯಲ್ಲೇ ಕೇಳಿದಳು. ಸುಲೋಚನಾ ಹೇಳಿ ಮುಗಿಸುವಷ್ಟರಲ್ಲಿ ಒಲೆಯ ಮೇಲಿನ ಅನ್ನ ಸೀದಿತ್ತು. ಚಂದ್ರಬಾಯಿಗೆ ತಿಳಿದದ್ದು ಅರ್ಧವೇ.