ಆಚೆಯ ನಾಲ್ಕು ಸಾಲು

ಪ್ಲೈವುಡ್ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಸಿಪ್ಪೆ ಮೇಸ್ತ್ರಿ ಎನ್ನುತ್ತಿದ್ದರು. ದಿಮ್ಮಿಯನ್ನು ತಿರುಗಿಸುತ್ತ ಉದ್ದನೆಯ ಅಲಗಿಗೆ ಒಡ್ಡಿ, ರಟ್ಟಿನಷ್ಟು ತೆಳುವಾದ ಹಾಳೆಯಾಗಿ ಸುಲಿಯುವ ಯಂತ್ರ ಅವನದು. ಇಪ್ಪತ್ತೆರಡು ವರ್ಷ ಅದರ ಮುಂದೆ ನಿಂತೂ ನಿಂತೂ, ಹೊರಗಿನ ತೊಗಟೆ ನೋಡಿ ಒಳಗೆಷ್ಟು ಗಂಟಿದೆ ಎಂದು ಹೇಳುವಷ್ಟು ಪಳಗಿದ್ದ. ಮರದ ವಿಷಯದಲ್ಲಿ ಅವನ ಮಾತಿಗೆ ಎದುರಾಡುವವರು ಕಾರ್ಖಾನೆಯಲ್ಲಿರಲಿಲ್ಲ. ಮನೆಯವರಲ್ಲಿ ಒಬ್ಬಳಿದ್ದಳು.

ಅವಳು ಅವನ ಹೆಂಡತಿಯ ಅಕ್ಕ. ಅಕ್ಕತಂಗಿಯರಿಗೆ ತಂದೆಯಿಂದ ಬಂದದ್ದು ನಾಲ್ಕು ಎಕರೆ, ಒಬ್ಬೊಬ್ಬರಿಗೆ ಎರಡೆರಡು. ತಂಗಿ ಹೊಲಿಗೆ ಯಂತ್ರ ಬಿಟ್ಟು ಏಳುವವಳಲ್ಲ. ಹಾಗಾಗಿ ಅಷ್ಟೂ ನೆಲದಲ್ಲಿ ಅತ್ತಿಗೆಯೇ ತರಕಾರಿ ಬೆಳೆಯುತ್ತಿದ್ದಳು. ಬದನೆ ಗಿಡದ ಎಲೆ ಮುಟ್ಟಿ, ಅದಕ್ಕೆ ನೀರು ಹೆಚ್ಚಾಯಿತೋ ಕಡಿಮೆಯಾಯಿತೋ ಹೇಳುವ ಹೆಂಗಸು.

ಹೆಂಡತಿಯ ಪಾಲಿನ ಎರಡು ಎಕರೆಯಲ್ಲಿ ಹೆಬ್ಬೇವು ಹಾಕೋಣ ಎಂದು ಮೇಸ್ತ್ರಿ ಒಂದು ದಿನ ಊಟಕ್ಕೆ ಕೂತಾಗ ಮಾತು ತೆಗೆದ.

"ಏಳೇ ವರ್ಷ ಅತ್ತಿಗೆ. ಎಂಟು ಅಂತಿಟ್ಕೊಳ್ಳಿ. ಕಾರ್ಖಾನೆಯವ್ರು ಲಾರಿ ತಂದು ತಾವೇ ಹೊತ್ಕೊಂಡು ಹೋಗ್ತಾರೆ. ದಿಮ್ಮಿ ತಂದ ರೈತರು ಮುಖ ಸಪ್ಪೆ ಮಾಡ್ಕೊಂಡು ವಾಪಸ್ ಹೋಗಿದ್ದು ನಾನಂತೂ ನೋಡಿಲ್ಲ."

"ಏಳು ವರ್ಷ ಸುಮ್ನೆ ನೋಡ್ತಾ ನಿಲ್ಲೋದಕ್ಕೆ ಬೆಳೆ ಅಂತಾರಾ?" ಎಂದಳು ಅತ್ತಿಗೆ. ಆದರೂ ಹೂಂ ಅಂದಳು. ಸಸಿಗಳು ಅವಳ ಬೇಲಿಯಿಂದ ಇಪ್ಪತ್ತಡಿ ದೂರ ಇರಬೇಕು. ಮೊದಲ ಎರಡು ವರ್ಷ ಸಾಲುಗಳ ನಡುವೆ ಅವಳು ಕುಂಬಳ ಹಾಕುತ್ತಾಳೆ. ಇವೆರಡು ಅವಳ ಷರತ್ತು.

ಹತ್ತಡಿಗೊಂದರಂತೆ ಹನ್ನೆರಡು ಉದ್ದನೆಯ ಸಾಲು ಸಸಿ ಕೂತವು. ಕುಂಬಳಕ್ಕೆ ಹಾಕಿದ ಗೊಬ್ಬರ, ನೀರು ಅವಕ್ಕೂ ಸಿಕ್ಕಿ, ವರ್ಷ ತುಂಬುವುದರೊಳಗೆ ಮೇಸ್ತ್ರಿಯ ತಲೆ ದಾಟಿದವು. ಪ್ರತಿ ಭಾನುವಾರ ಬಂದು ಅವನು ಕಾಂಡದ ಮೇಲೆ ಮೂಡಿದ ಚಿಗುರನ್ನೆಲ್ಲ ಹೆಬ್ಬೆರಳಿನಿಂದ ಉಜ್ಜಿ ಉದುರಿಸುತ್ತಿದ್ದ. ಪಕ್ಕದ ಕೊಂಬೆ ಬೆಳೆದರೆ ಮರದೊಳಗೆ ಗಂಟು, ಗಂಟಾದರೆ ಹಾಳೆಯಲ್ಲಿ ತೂತು. ಅವನ ಲೆಕ್ಕ ಅಷ್ಟು ನೇರವಾಗಿತ್ತು.

ಎರಡನೆಯ ವರ್ಷ ಕಾರ್ಖಾನೆಯಲ್ಲಿ ಇನ್ನೊಬ್ಬ ಯಂತ್ರದವನು ಕೆಲಸ ಬಿಟ್ಟ. ನಾಲ್ಕು ತಿಂಗಳು ಮೇಸ್ತ್ರಿಗೆ ಭಾನುವಾರವೂ ಬಿಡುವಿರಲಿಲ್ಲ. ಅವನು ಮತ್ತೆ ತೋಟಕ್ಕೆ ಬಂದಾಗ, ಬೆಳೆದು ನಿಂತಿರಬೇಕಾದ ಕೊಂಬೆಗಳು ಕಾಣಲಿಲ್ಲ. ಹತ್ತಿರ ಹೋಗಿ ನೋಡಿದರೆ ಎಲ್ಲವನ್ನೂ ಯಾರೋ ಕತ್ತರಿಸಿದ್ದರು. ಕತ್ತರಿಸಿದ ಕಡೆಯಲ್ಲೆಲ್ಲ ಬೆರಳಗಲದ ಉಬ್ಬು ಹಾಗೇ ಉಳಿದಿತ್ತು.

"ಇದಕ್ಕೆ ಕೈ ಹಾಕಿದ್ದು ಯಾರು?"

"ನಾನೇ," ಎಂದಳು ಅತ್ತಿಗೆ, ಬುಟ್ಟಿ ಕೆಳಗಿಡುತ್ತ. "ಹನ್ನೆರಡೂ ಸಾಲು. ಭುಜ ಇನ್ನೂ ನೋಯ್ತಿದೆ."

ಒಂದು ಒಳ್ಳೆಯ ಮಾತು ಆಡಬೇಕಾದ ಹೊತ್ತು ಅದು. ಮೇಸ್ತ್ರಿ ಉಬ್ಬಿನ ಮೇಲೆ ಬೆರಳಾಡಿಸಿ, "ಅರ್ಧಂಬರ್ಧ ಕೆಲಸ. ಮೊಳೆ ಹೊಡೆದ ಹಾಗಿದೆ. ಇದೆಲ್ಲ ಒಳಗೆ ಸೇರಿ ಗಂಟಾಗುತ್ತೆ," ಎಂದ.

"ಆ ಉಬ್ಬು ಗಿಡದ್ದು ಮೇಸ್ತ್ರಿಗಳೇ, ಕೊಂಬೇದಲ್ಲ. ಅದನ್ನ ಬಿಟ್ರೆ ಗಾಯ ತಾನೇ ಮುಚ್ಕೊಳ್ಳುತ್ತೆ."

"ಇಪ್ಪತ್ತು ವರ್ಷದಿಂದ ನಾನು ಮರ ಬಿಚ್ಚಿ ನೋಡ್ತಿದ್ದೀನಿ ಅತ್ತಿಗೆ."

"ಸತ್ತ ಮರಾನ," ಎಂದು ಅವಳು ಬುಟ್ಟಿ ಎತ್ತಿಕೊಂಡಳು.

ಅವನಿಗೆ ಆ ಮಾತು ನಾಟಿತು. ಮುಂದಿನ ಮೂರು ಭಾನುವಾರ ಸಣ್ಣ ಗರಗಸ ಹಿಡಿದು ಒಂದೊಂದು ಉಬ್ಬನ್ನೂ ಕಾಂಡಕ್ಕೆ ಸಮ ಮಾಡಿದ. ತೊಗಟೆ ಸುಲಿದು, ಬಿಳಿಯ ಗಾಯಗಳು ಸಾಲಾಗಿ ಕಂಡವು. ಅವನ ಕಣ್ಣಿಗೆ ಅದು ಅಚ್ಚುಕಟ್ಟಾಗಿತ್ತು. ಎಂಟು ಸಾಲು ಮುಗಿಸಿ ಒಂಬತ್ತನೆಯದಕ್ಕೆ ಏಣಿ ತಂದಾಗ ಅತ್ತಿಗೆ ಅಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಇಷ್ಟಕ್ಕೇ ಸಾಕು. ಈ ಆಚೆಯ ನಾಲ್ಕು ಸಾಲಿಗೆ ನೀವು ಬರ್ಬೇಡಿ. ಕೆಟ್ರೆ ನನ್ನ ತಲೆ ಮೇಲೆ ಇರ್ಲಿ."

ಜಮೀನು ನಿಮ್ಮ ತಂಗಿಯದಲ್ಲವೇ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದು ನಿಂತಿತು. ಅಲ್ಲಿಯೇ ನುಂಗಿದ. ಏಣಿ ಹೊತ್ತು ಹಿಂದಿರುಗಿದ.

ಆಮೇಲೆ ಒಂದು ವರ್ಷ ಇಬ್ಬರ ಮಧ್ಯೆ ಮಾತಿಗೆ ಬರ ಬಂತು. ಹೇಳಬೇಕಾದ್ದನ್ನು ಇಬ್ಬರೂ ಮೇಸ್ತ್ರಿಯ ಹೆಂಡತಿಯ ಮೂಲಕ ಹೇಳಿಸುತ್ತಿದ್ದರು. "ನಾನೇನು ಟೆಲಿಫೋನ್ ಕಂಬಾನಾ?" ಎಂದು ಒಮ್ಮೆ ಅವಳು ಹೊಲಿಗೆ ನಿಲ್ಲಿಸಿ ಕೇಳಿದ ಮೇಲೆ ಉಪ್ಪು ಕೊಡಿ, ನೀರು ಕೊಡಿ ಎಂಬಷ್ಟು ಮಾತು ಶುರುವಾಯಿತು. ಮರದ ಸುದ್ದಿಯನ್ನು ಮಾತ್ರ ಯಾರೂ ಎತ್ತಲಿಲ್ಲ. ಮರಗಳು ತಮ್ಮ ಪಾಡಿಗೆ ತಾವು ಬೆಳೆದವು. ಗಾಯಗಳೆಲ್ಲ ತೊಗಟೆಯಡಿ ಮುಚ್ಚಿಹೋಗಿ, ಹನ್ನೆರಡು ಸಾಲೂ ಹೊರಗಿನಿಂದ ಒಂದೇ ಥರ ಕಂಡವು.

ಎಂಟನೆಯ ವರ್ಷ ಕಡಿಸಿದರು. ಮರ ಉರುಳುವ ದಿನ ಅತ್ತಿಗೆ ಗೇಟಿಗೆ ಬಳಿದು ಉಳಿದಿದ್ದ ಹಸಿರು ಬಣ್ಣದ ಡಬ್ಬಿ ತಂದು, ತನ್ನ ನಾಲ್ಕು ಸಾಲಿನ ದಿಮ್ಮಿಗಳ ತುದಿಗೆ ಒಂದೊಂದು ಬೊಟ್ಟು ಇಟ್ಟಳು. ಮೇಸ್ತ್ರಿ ನೋಡಿಯೂ ನೋಡದವನಂತೆ ಲಾರಿಗೆ ಹಗ್ಗ ಬಿಗಿಯುತ್ತಿದ್ದ.

ಸ್ವಂತ ಮರವನ್ನು ತಾನೇ ಸುಲಿಯುವ ದಿನ ಅವನು ಶುಭ್ರವಾದ ಅಂಗಿ ಹಾಕಿಕೊಂಡು ಕೆಲಸಕ್ಕೆ ಹೋದ. ಮೊದಲ ದಿಮ್ಮಿ ಅವನ ಎಂಟು ಸಾಲಿನದು. ಹಾಳೆ ಮೊದಲಿಗೆ ನಯವಾಗಿ ಬಿಚ್ಚಿಕೊಂಡಿತು. ಅಲಗು ಒಳಗೆ ಸಾಗಿದಂತೆ ಕಂದು ಕಲೆ ಕಾಣಿಸಿತು. ಕಲೆ ಹಿಗ್ಗಿತು. ನಡುವೆ ಕೊಳೆತ ಪುಡಿ ಉದುರಿ ತೂತಾಯಿತು. ಒಂದು ಮೊಳ ಬಿಟ್ಟು ಇನ್ನೊಂದು. ಎಲ್ಲಾದರೂ ಒಂದು ಹಾಗಿರುತ್ತದೆ ಎಂದುಕೊಂಡು ಎರಡನೆಯದನ್ನು ಏರಿಸಿದ. ಅದೂ ಹಾಗೇ. ಹಾಳೆಗಳನ್ನು ವಿಂಗಡಿಸುವ ಹೆಂಗಸು ಅವನ್ನು ಕಡಿಮೆ ಬೆಲೆಯ ಒಳಪದರದ ರಾಶಿಗೆ ಹಾಕಿದಳು.

ಮಧ್ಯಾಹ್ನದ ಹೊತ್ತಿಗೆ ಹಸಿರು ಬೊಟ್ಟಿನ ದಿಮ್ಮಿ ಬಂತು. ಮೇಸ್ತ್ರಿ ಅದನ್ನು ಸುಲಿಯುತ್ತ ಕಣ್ಣು ಮಿಟುಕಿಸಲಿಲ್ಲ. ತಿಳಿಗೆಂಪು ಹಾಳೆ ಬರುತ್ತಲೇ ಇತ್ತು, ಒಂದು ಕಲೆಯಿಲ್ಲ. ತಿರುಳಿನ ಹತ್ತಿರ ಬಂದಾಗ ಕಡಲೆಯಷ್ಟು ದೊಡ್ಡ ಗಂಟಿನ ಕಣ್ಣೊಂದು ಕಂಡಿತು, ಗಟ್ಟಿಯಾಗಿ, ಸುತ್ತಲೂ ಮುಚ್ಚಿಕೊಂಡು.

"ಇದು ಮೇಲ್ಪದರಕ್ಕೆ," ಎಂದಳು ಹೆಂಗಸು. "ಯಾರ ತೋಟದ್ದು?"

"ನಮ್ಮ ಅತ್ತಿಗೇದು," ಎಂದ ಮೇಸ್ತ್ರಿ.

ಆ ಸಂಜೆ ಅವನು ಮೊಳದಗಲದ ಎರಡು ತುಂಡು ಹಾಳೆ ಸುತ್ತಿಕೊಂಡು ಸೀದಾ ತರಕಾರಿ ತೋಟಕ್ಕೆ ಹೋದ. ಅತ್ತಿಗೆ ಕೈತೊಳೆಯುತ್ತಿದ್ದಳು. ಎರಡನ್ನೂ ತೊಟ್ಟಿಯ ಕಟ್ಟೆಯ ಮೇಲೆ ಬಿಡಿಸಿಟ್ಟ.

"ತೂತಿರೋದು ನಂದು. ಆ ಉಬ್ಬು ಕೆತ್ತಿ ನಾನೇ ಹಾಳು ಮಾಡಿದೆ. ನೀವು ಅವತ್ತೇ ಹೇಳಿದ್ರಿ, ನಾನು ಕೇಳ್ಲಿಲ್ಲ."

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ತೂತಿನ ಹಾಳೆಯನ್ನೇ ಮೊದಲು ಎತ್ತಿಕೊಂಡಳು. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಪಾಪ, ಎಷ್ಟು ಒದ್ದಾಡಿದೆ ಗಾಯ ಮುಚ್ಚೋಕೆ," ಎಂದಳು. ಆಮೇಲೆ, "ಇದಕ್ಕೆ ಏನೂ ಸಿಗಲ್ವಾ?"

"ಸಿಗುತ್ತೆ. ತರಕಾರಿಗಿಂತ ಮೋಸ ಇಲ್ಲ. ನಿಮ್ಮದಕ್ಕೆ ಇನ್ನೂ ಜಾಸ್ತಿ, ಅಷ್ಟೇ."

"ಹಾಗಾದ್ರೆ ಅಷ್ಟು ಮುಖ ಯಾಕೆ ಬಾಡಿಸ್ಕೊಂಡಿದ್ದೀರಿ? ಬನ್ನಿ, ಊಟ ಮಾಡಿ ಹೋಗಿ."

ವಿಷಯ ಅಲ್ಲಿಗೆ ನಿಲ್ಲಲಿಲ್ಲ. ಕಾರ್ಖಾನೆಗೆ ಮರ ಬೆಳೆದು ಕೊಡುವ ರೈತರಿಗೆ ಕೊಂಬೆ ಸವರುವ ಕ್ರಮ ಕಲಿಸು ಎಂದು ಮ್ಯಾನೇಜರ್ ಮೇಸ್ತ್ರಿಯನ್ನು ಕರೆದಾಗ, ಅದು ತನಗೆ ಬರುವುದಿಲ್ಲವೆಂದೂ ಬರುವವರನ್ನು ಕರೆತರುತ್ತೇನೆಂದೂ ಅವನು ಹೇಳಿದ. ಅತ್ತಿಗೆ ಮೂರು ಸಲ ಒಲ್ಲೆ ಅಂದಳು. "ನಾನು ಬದನೆಕಾಯಿ ಹೆಂಗಸು, ನಂಗೇನು ಭಾಷಣ ಬರುತ್ತೆ?" ನಾಲ್ಕನೆಯ ಸಲ ತಂಗಿ ಅವಳಿಗೊಂದು ಹೊಸ ರವಿಕೆ ಹೊಲಿದು ಕೈಗಿಟ್ಟಳು. ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

ದಿಮ್ಮಿಯಂಗಳದಲ್ಲಿ ಮೂವತ್ತು ಜನ ಸೇರಿದ್ದರು. ಮೊದಲ ಐದು ನಿಮಿಷ ಅವಳು ಸೆರಗು ಸರಿಮಾಡಿಕೊಳ್ಳುತ್ತಲೇ ಕಳೆದಳು. ಯಾರೋ ಒಂದು ಹಸಿ ಕೊಂಬೆ ತಂದು ಕೈಗೆ ಕೊಟ್ಟ ಮೇಲೆ ಮಾತು ತಾನಾಗಿ ಹರಿಯಿತು. ಉಬ್ಬು ಎಲ್ಲಿ ಶುರುವಾಗುತ್ತದೆ, ಕುಡುಗೋಲು ಎಲ್ಲಿ ನಿಲ್ಲಬೇಕು ಎಂದು ತೋರಿಸಿದಳು. ಜನ ಎದ್ದು ಬಂದು ಸುತ್ತಲೂ ನಿಂತರು.

"ಅಮ್ಮಾ, ಇಂಥಾ ಮರದಿಂದ ಎಷ್ಟು ಹಾಳೆ ಬರಬಹುದು?" ಎಂದು ಒಬ್ಬ ಕೇಳಿದ.

ಅವಳು ಹಿಂದೆ ಗೋಡೆಗೊರಗಿ ನಿಂತಿದ್ದವನ ಕಡೆ ತಿರುಗಿದಳು. "ಅದು ನಂಗೊತ್ತಿಲ್ಲಪ್ಪ. ಮೇಸ್ತ್ರಿಗಳೇ, ಮುಂದೆ ಬನ್ನಿ, ಇವ್ರಿಗೆ ಹೇಳಿ."

ಮೇಸ್ತ್ರಿ ಕೈ ಕೊಡವಿಕೊಂಡು ಮುಂದೆ ಬಂದ.